ಮಂಪರಿಗೂ ಅಂಜಬ್ಯಾಡ್ರಿ, ಪ್ರಶ್ನಾ ಕೇಳ್ಲಿಕ್ಕೂ ಅಂಜಬ್ಯಾಡ್ರಿ

ಮೊನ್ನೆ ಶ್ರಾವಣ ಶುಕ್ರವಾರ ನಮ್ಮ ಮನ್ಯಾಗ ಅರಿಷಿಣ ಕುಂಕುಮಕ್ಕ ಬಂದೋರಿಗೆಲ್ಲಾ ಗೊತ್ತದ, ಅವತ್ತ ಏನ ಮಾತಾತು ಅಂತ. ಬರದೇ ಇದ್ದೋರಿಗೆ ಹೇಳ್ತೀನಿ, ಕೇಳ್ರಿ.

ಉಡಿ ತುಂಬಿದ್ದಾತು, ಕೋಸಂಬರಿ ಹಂಚಿದ್ದಾತು. ಅಷ್ಟರಾಗ ನಮ್ಮ ಪುಟ್ಯಾ ಬಾಯಿ ತಗದು ನಕ್ಕ. ದವಡಿಗೆ ಹಾಕಿಸಿದ್ದ ಎರಡು ಬೆಳ್ಳಿ ಬಣ್ಣದ ಟೊಪ್ಪಿಗಿ ಕಂಡವು. ಅಷ್ಟ ಸಾಕಾತು. "ಅಯ್ಯ, ನಾಕೂವರಿ ವರ್ಷದ ಕೂಸಿಗೆ ಹಲ್ಲಿನ ಸಲುವಾಗಿ ಮಂಪರ ಔಷಧ ಕೊಡಿಸೀರಂತ? ನಿಮ್ಮ ಸೊಸಿ ಇನ್ನೂ ಸಣ್ಣಾಕಿ, ನಿಮಗರೆ ತಿಳೀಬಾರದೇನ್ರಿ ವೈನಿ?" ಅಂತ ಒಬ್ಬರು. "ಹಾಲಹಲ್ಲು ಅವು, ತಾವ ಬೀಳ್ತಿದ್ವು. ಸುಮ್ಮ ರೊಕ್ಕ ದಂಡ" ಅಂತ ಇನ್ನೊಬ್ಬರು. ಮೂರನೇದವರಂತೂ, "ನಮ್ಮ ಕಾಲದಾಗ ನಾಕು ಮಂದಿ ಕೈಕಾಲು ಹಿಡಕೊಂಡು ಕೀಳಿಸಿ ಒಗೀತಿದ್ರು. ಏನಾಗೇದ ನಮಗ?" ಅಂದ್ರು. ಎಲ್ಲಾರೂ ನಕ್ಕರು.

ನಾ ಅವತ್ತ ಸುಮ್ಮನಿದ್ದೆ. ಮನಿಗೆ ಬಂದ ಮುತ್ತೈದೇರ ಜೋಡಿ ವಾದ ಮಾಡಬಾರದು ಅಂತ ಸುಮ್ಮನಿದ್ದೆ. ಆದ್ರ ಕುಂಕುಮದ ತಟ್ಟಿ ಹಿಡಕೊಂಡು ಅಲ್ಲೇ ನಿಂತಿದ್ದ ನನ್ನ ಸೊಸಿ ಅಡಗಿಮನಿಗೆ ಹೋಗಿ ಕಣ್ಣೀರು ಒರಸಿಕೊಂಡ್ಲು. ಸುಮ್ಮನಿದ್ದು ನಾ ತಪ್ಪ ಮಾಡಿದೆ. ಅದಕ್ಕ ಇವತ್ತ ಕುಂತು ಬರೀಲಿಕತ್ತೀನಿ. ನಾ ಓದಿದ್ದು ಪಿಯುಸಿ ತನಕಾ, ಡಾಕ್ಟರಕಿ ಅಲ್ಲ. ಆದ್ರ ನಮ್ಮ ಅಕ್ಕನ ಮಗಳು ಹಲ್ಲಿನ ಡಾಕ್ಟರ್ ಇದ್ದಾಳ. ಎರಡು ತಿಂಗಳು ಅಕಿನ ತಲಿ ತಿಂದು ಕೇಳಿ ತಿಳಕೊಂಡೀನಿ. ತಿಳಕೊಂಡಿದ್ದನ್ನ, ಮತ್ತ ನಮ್ಮ ಮನ್ಯಾಗ ನಡದಿದ್ದನ್ನ ಹೇಳ್ತೀನಿ.

ಮೊದಲ "ಏನಾಗೇದ ನಮಗ?" ಅನ್ನೋ ಮಾತಿಗೆ ಉತ್ತರಾ ಕೊಡ್ತೀನಿ.

ನನ್ನ ಮಗಳು ಐದೂವರಿ ವರ್ಷದಕಿ ಇದ್ದಾಗ ಅಕಿನ ಒಂದು ದವಡಿ ಹಲ್ಲು ಹುಳಾ ಹಿಡದು ಕೀವಾಗಿತ್ತು. ಒಂದು ದವಾಖಾನಿಗೆ ಕರಕೊಂಡು ಹೋದ್ವಿ. ಡಾಕ್ಟರು ಬಾಯಿ ನೋಡಿ, "ಹಿಡಕೋರಿ" ಅಂದ್ರು. ನಮ್ಮನಿಯವರು ಕೈ ಹಿಡದ್ರು, ನಾ ಕಾಲು ಹಿಡದೆ, ಕಂಪೌಂಡರ್ ತಲಿ ಒತ್ತಿ ಹಿಡದ. ಎರಡ ನಿಮಿಷದ ಕೆಲಸ, ಖರೇನ. ಹೊರಗ ಬಂದು ಐಸ್‌ಕ್ರೀಮ್ ಕೊಡಿಸಿದ್ವಿ. ಮುಗೀತು ಅನಕೊಂಡ್ವಿ.

ಅದು ಮುಗದಿರಲಿಲ್ಲ. ಇವತ್ತ ಅಕಿಗೆ ಮೂವತ್ತೊಂದು ವರ್ಷ. ಆ ಇಪ್ಪತ್ತಾರು ವರ್ಷದಾಗ ಅಕಿ ಒಮ್ಮೆನೂ ಹಲ್ಲಿನ ದವಾಖಾನಿ ಮೆಟ್ಟಲಾ ಹತ್ತಲಿಲ್ಲ. ಬಸರಿದ್ದಾಗ ದವಡಿ ಬಾತು ರಾತ್ರಿಯೆಲ್ಲಾ ಲವಂಗಾ ಕಚ್ಚಿಕೊಂಡು ಕುಂತಿದ್ಲು, ಬಾ ಅಂದ್ರ ಬರಲಿಲ್ಲ. ನಾ ಸಿಟ್ಟಿಗೆದ್ದು ಬೈದೆ. ಆವಾಗ ಅಂದ್ಲು, "ಅವ್ವಾ, ನಂಗ ಆ ಹಲ್ಲಿನ ನೋವು ನೆನಪಿಲ್ಲ. ನನ್ನ ಕಾಲಮ್ಯಾಲಿನ ನಿನ್ನ ಕೈ ನೆನಪದ." ಆಮ್ಯಾಲೆ ನಾ ಏನೂ ಮಾತಾಡಲಿಲ್ಲ.

ಹಂಗಾಗಿ ಇನ್ನೊಮ್ಮೆ ಯಾರೂ ನನ್ನ ಮುಂದ "ಏನಾಗೇದ" ಅನಬ್ಯಾಡ್ರಿ. ಆಗೇದ. ನೀವೂ ನೆನಪ ಮಾಡಿಕೋರಿ. ನಮ್ಮಂಥ ಹೆಂಗಸರು ಎಷ್ಟು ಮಂದಿ ಅದಾರ, ದವಡಿ ಪೂರ್ತಿ ಹೋಗೂ ತನಕಾ ಡಾಕ್ಟರ ಕಡೆ ಹೋಗದೇ ಇರೋರು! ಅದಕ್ಕ ಧೈರ್ಯ ಅಂತ ಹೆಸರು ಕೊಟ್ಟೇವಿ. ಧೈರ್ಯ ಅಲ್ಲ ಅದು, ಸಣ್ಣಂದಿನ ಅಂಜಿಕಿ.

ಇನ್ನ ಎರಡನೇದು, "ಹಾಲಹಲ್ಲು, ತಾವ ಬೀಳ್ತಾವ." ಬೀಳ್ತಾವ ಹೌದು, ಯಾವಾಗ? ಕೂಸಿಗೆ ಹಾಲಹಲ್ಲು ಒಟ್ಟ ಇಪ್ಪತ್ತು. ಮುಂದಿನವು ಆರು-ಏಳು ವರ್ಷಕ್ಕ ಬೀಳ್ತಾವ. ಹಿಂದಿನ ದವಡಿ ಹಲ್ಲು ಹತ್ತು-ಹನ್ನೆರಡು ವರ್ಷದ ತನಕಾ ಇರಬೇಕು. ನಾಕು ವರ್ಷಕ್ಕ ಕೊಳತ ಹಲ್ಲು ಇನ್ನ ಆರೇಳು ವರ್ಷ ಬಾಯಾಗ ಇರಬೇಕು. ಅಲ್ಲಿ ತನಕಾ ಕೂಸು ಒಂದ ಮಗ್ಗಲಿಂದ ಅಗೀಬೇಕೇನು? ರಾತ್ರಿ ಎದ್ದೆದ್ದು ಅಳಬೇಕೇನು? ಕೀವು ಕೆಳಗ ಇಳದ್ರ ಒಳಗ ಬೆಳಿಯೋ ಖಾಯಂ ಹಲ್ಲಿಗೂ ಧಕ್ಕಿ ಆಗ್ತದ. ಲಗೂನ ಕಿತ್ತು ಒಗದ್ರ ಆಜೂಬಾಜೂದವು ಸರದು ಬಂದು ಹೊಸಾ ಹಲ್ಲಿಗೆ ಜಾಗಾ ಇಲ್ಲದಂಗ ಆಗ್ತದ. ಇನ್ನೊಂದು ಮಾತು ಗೊತ್ತಿರಲಿ. ಆರನೇ ವರ್ಷಕ್ಕ ಎಲ್ಲಾದಕ್ಕೂ ಹಿಂದ ಬರೋ ದವಡಿ ಹಲ್ಲು ಹಾಲಹಲ್ಲಲ್ಲ, ಖಾಯಂದು. ಅದನ್ನೂ ಹಾಲಹಲ್ಲಂತ ತಿಳದು ಕೊಳಸೋರು ನಮ್ಮಾಗ ಭಾಳ ಮಂದಿ.

ಇಲ್ಲೆ ಒಂದು ತಪ್ಪು ಒಪ್ಪಿಕೋತೀನಿ. ಪುಟ್ಯಾನ ಹಲ್ಲು ಕೆಡಿಸಿದಾಕಿ ಸೊಸಿ ಅಲ್ಲ, ನಾನು. ಅಕಿ ಕೆಲಸಕ್ಕ ಹೋಗೋಕಿ. ರಾತ್ರಿ ಕೂಸು ನನ್ನ ಹಾಸಿಗ್ಯಾಗ ಮಲಗೋದು. ಮೂರು ವರ್ಷದ ತನಕಾ ಸಕ್ಕರಿ ಹಾಕಿದ ಹಾಲಿನ ಬಾಟಲಿ ಬಾಯಾಗ ಇಟ್ಟ ಮಲಗಿಸ್ತಿದ್ದೆ. ನಿದ್ದಿಯೊಳಗ ಜೊಲ್ಲು ಕಡಿಮಿ ಆಗ್ತದ, ಹಾಲು-ಸಕ್ಕರಿ ಹಲ್ಲಿಗೆ ಅಂಟಿ ರಾತ್ರಿಯೆಲ್ಲಾ ಕೂಡತದ, ಹುಳುಕು ಹತ್ತೋದು ಹಿಂಗ. ಸೊಸಿ ಎರಡ ಸಲ ಹೇಳಿದ್ಲು, "ಅತ್ಯಾ, ಬಾಟಲಿ ಬಿಡಸೋಣು" ಅಂತ. "ನಾ ಇಬ್ಬರನ್ನ ಬೆಳಸೀನಿ, ನನಗ ಕಲಸಬ್ಯಾಡ" ಅಂದೆ. ಅವತ್ತ ಅರಿಷಿಣ ಕುಂಕುಮದಾಗ ಬೈಸಿಕೊಂಡಾಕಿ ಅಕಿ, ತಪ್ಪು ಮಾಡಿದಾಕಿ ನಾನು.

ಈಗ ಮುಖ್ಯ ಮಾತಿಗೆ ಬರ್ತೀನಿ. ಪುಟ್ಯಾನ ಆರು ಹಲ್ಲು ಕೆಟ್ಟಿದ್ದವು. ಒಂದರ ಬುಡಕ್ಕ ಕೀವಿನ ಗುಳ್ಳಿ. ಮೊದಲ ಸಮೀಪದ ಒಂದು ದವಾಖಾನಿಗೆ ಹೋದ್ವಿ. ಕೂಸು ಕುರ್ಚಿ ನೋಡಿದ ಕೂಡ್ಲೆ ಚೀರಾಡ್ತು. ಅಲ್ಲಿ ಹೇಳಿದ್ರು, "ಒಂದು ಸಿರಪ್ ಬರಕೊಡ್ತೇವಿ. ನಾಳೆ ಮನ್ಯಾಗ ಅರ್ಧಾ ತಾಸು ಮೊದಲ ಕುಡಿಸಿಕೊಂಡು, ನಿದ್ದಿ ಹತ್ತಿದ ಮ್ಯಾಲೆ ಎತಗೊಂಡು ಬರ್ರಿ. ಎಲ್ಲಾ ಒಮ್ಮೆಲೇ ಮುಗಸೋಣು." ನನಗ ಭಾಳ ಖುಷಿ ಆತು. ಸೊಸಿ ಮಾತ್ರ ಕೇಳಿದ್ಲು, "ಕೂಸು ಮಲಗಿದಾಗ ಉಸಿರು ಯಾರು ನೋಡ್ತಾರ್ರಿ?" "ನಾನ ನೋಡ್ತೀನಲ್ಲ." "ಹಲ್ಲು ಯಾರು ನೋಡ್ತಾರ?" "ನಾನ." ಸೊಸಿ ಕೂಸಿನ ಎತಗೊಂಡು ಎದ್ದ ಬಂದುಬಿಟ್ಲು. ಆಟೋದಾಗ ನಾ ಅಕಿಗೆ ಬೈಕೋತ ಬಂದೆ, ಡಾಕ್ಟರಿಗೆ ಹಂಗ ಎದರ ಮಾತಾಡತಾರೇನು ಅಂತ. ಆವಾಗ ಅಕಿ ಹೇಳಿದ್ದು ನನಗ ತಿಳೀಲಿಲ್ಲ, ಈಗ ತಿಳದದ. ಅಕಿ ಕೇಳಿದ ಆ ಎರಡು ಪ್ರಶ್ನಾನ ಎಲ್ಲಾಕಿಂತ ದೊಡ್ಡವು.

ಯಾಕಂದ್ರ ಮಂಪರು ಅನ್ನೋದು ಒಂದು ಮೆಟ್ಟಲಾ ಇದ್ದಂಗ. ಮೊದಲನೇ ಮೆಟ್ಟಲಿನ ಮ್ಯಾಲೆ ಕೂಸು ಎಚ್ಚರ ಇರ್ತದ, ಅಂಜಿಕಿ ಅಷ್ಟ ಕಡಿಮಿ. ಎರಡನೇದ್ರಾಗ ತೂಕಡಸ್ತದ, ಹೆಸರು ಹಿಡದು ಕರದ್ರ ಕಣ್ಣು ತಗೀತದ. ಮೂರನೇದ್ರಾಗ ಕರದ್ರೂ ಏಳೂದಿಲ್ಲ, ಉಸಿರಿಗೆ ಆಧಾರ ಬೇಕಾಗಬಹುದು. ಅದರ ಕೆಳಗ ಪೂರ್ತಿ ಅರವಳಿಕಿ. ಡಾಕ್ಟರು ಎರಡನೇ ಮೆಟ್ಟಲಿಗೆ ಅಂತ ಔಷಧ ಕೊಟ್ರೂ ಕೆಲವು ಮಕ್ಕಳು ಜಾರಿ ಮೂರನೇದಕ್ಕ ಹೋಗಿಬಿಡ್ತಾವ. ಒಂದ ಔಷಧ, ಒಂದ ತೂಕ, ಆದ್ರೂ ಎರಡು ಕೂಸಿಗೆ ಎರಡು ಥರ ಆಗಬಹುದು. ಸಣ್ಣ ಮಕ್ಕಳ ಉಸಿರಿನ ನಾಳ ಸಣ್ಣದು, ನಾಲಿಗಿ ಬಾಯಿಗೆ ತಕ್ಕಂತ ದೊಡ್ಡದು. ಬಾಯಾಗ ನೀರು, ಹತ್ತಿ, ಡಾಕ್ಟರ ಕೈ. ನಾಲಿಗಿ ಹಿಂದ ಬಿದ್ದು ಉಸಿರು ಕಟ್ಟಿದ್ರ ಹಲ್ಲಿನ ಮ್ಯಾಲೆ ಕಣ್ಣಿಟ್ಟ ಡಾಕ್ಟರಿಗೆ ಗೊತ್ತಾಗೋದು ತಡಾ ಆಗ್ತದ. ಅದಕ್ಕ ಉಸಿರು ನೋಡ್ಲಿಕ್ಕೆ ಬ್ಯಾರೆ ಒಬ್ಬರು ಬೇಕು.

ಇನ್ನ ಮನ್ಯಾಗ ಕುಡಿಸಿಕೊಂಡು ಬರೋದು! ಆಟೋದಾಗ ನನ್ನ ತೊಡಿಮ್ಯಾಲೆ ಕೂಸು ಕುತಗಿ ಬಗ್ಗಿಸಿ ಮಲಗಿ ಉಸಿರು ಕಟ್ಟಿದ್ರ, ನಾ ಏನಂತ ತಿಳಕೋತಿದ್ದೆ? "ಛಂದ ನಿದ್ದಿ ಹತ್ತೇದ" ಅಂತ ತಿಳಕೋತಿದ್ದೆ. ಅಮೇರಿಕಾದ ಮಕ್ಕಳ ಡಾಕ್ಟರ್ರ ಸಂಘ ಮತ್ತ ಮಕ್ಕಳ ದಂತವೈದ್ಯರ ಸಂಘ ಕೂಡಿ ಇದಕ್ಕ ನಿಯಮ ಬರದಾವ, 2019ರಾಗ ಅದನ್ನ ಇನ್ನೂ ಬಿಗಿ ಮಾಡ್ಯಾವ. ಮಂಪರ ಔಷಧ ಮನ್ಯಾಗ ಕುಡಿಸಿ ಕರಕೊಂಡು ಬರಬಾರದು, ನುರಿತವರ ಕಣ್ಣಮುಂದನ ಕೊಡಬೇಕು ಅಂತದ ಅದರಾಗ. ದವಾಖಾನ್ಯಾಗ ಗಾಢ ಮಂಪರು ಕೊಡೋದಿದ್ರ ಹಲ್ಲಿನ ಕೆಲಸ ಮಾಡೋರು ಒಬ್ಬರು, ಬರೇ ಕೂಸಿನ ಮಂಪರು-ಉಸಿರು ನೋಡ್ಲಿಕ್ಕೆ ತರಬೇತಿ ಆದೋರು ಇನ್ನೊಬ್ಬರು ಇರಬೇಕು ಅಂತನೂ ಅದ. ಅದು ಅಮೇರಿಕಾದ ನಿಯಮ, ನಮಗ್ಯಾಕ ಅಂತೀರಿ? ಅಲ್ಲಿ ಮಕ್ಕಳ ಉಸಿರು ಬ್ಯಾರೆ, ನಮ್ಮ ಮಕ್ಕಳ ಉಸಿರು ಬ್ಯಾರೆ ಏನು?

ಹಂಗಂತ ಮಂಪರ ಕೆಟ್ಟದ್ದು ಅಂತ ಹೇಳ್ಲಿಕತ್ತಿಲ್ಲ ನಾ. ಪೂರ್ತಿ ಓದ್ರಿ.

ಆಮ್ಯಾಲೆ ಮಕ್ಕಳ ಹಲ್ಲಿಂದ ಬ್ಯಾರೆ ಓದಿದ ಒಬ್ಬರು ಡಾಕ್ಟರ್ ಬಾಯಾರ ಕಡೆ ಹೋದ್ವಿ. ಮೊದಲನೇ ದಿನಾ ಅವರು ಬಾಯಾಗ ಏನೂ ಹಾಕಲೇ ಇಲ್ಲ. ಕನ್ನಡಿ ಕೈಯಾಗ ಕೊಟ್ರು, ಗಾಳಿ ಬಿಡೋ ನಳಿಗಿ ಅಂಗೈ ಮ್ಯಾಲೆ ಬಿಟ್ಟು ತೋರಿಸಿದ್ರು. ಹೇಳೋದು, ತೋರಸೋದು, ಆಮ್ಯಾಲೆ ಮಾಡೋದು, ಇಷ್ಟ ಅವರ ಪದ್ಧತಿ. ಆರು ಹಲ್ಲಿನಾಗ ಮೂರಕ್ಕ ಮಂಪರ ಬ್ಯಾಡೇ ಬ್ಯಾಡ ಅಂದ್ರು. ಮುಂದಿನ ಒಂದಕ್ಕ ಸಿಲ್ವರ್ ಡೈಯಮೈನ್ ಫ್ಲೋರೈಡ್ ಅನ್ನೋ ಔಷಧ ಹಚ್ಚಿದ್ರು. ಸೂಜಿ ಇಲ್ಲ, ಕೊರಿಯೋದು ಇಲ್ಲ, ಹುಳುಕು ಅಲ್ಲೇ ನಿಲ್ತದ. ಆ ಜಾಗಾ ಕರೀ ಆಗ್ತದ ಅಷ್ಟ. 2021ರಾಗ ವಿಶ್ವ ಆರೋಗ್ಯ ಸಂಸ್ಥಾ ಇದನ್ನ ಅಗತ್ಯ ಔಷಧದ ಪಟ್ಟಿಗೆ ಸೇರಿಸೇದ. ಎರಡು ದವಡಿಗೆ ಉಕ್ಕಿನ ಟೊಪ್ಪಿಗಿ ಕೂಡಿಸಿದ್ರು, ಕೊರೀಲಾರದ. ಸ್ಕಾಟ್‌ಲೆಂಡಿನ ನಾರ್ನಾ ಹಾಲ್ ಅನ್ನೋ ಹಲ್ಲಿನ ಡಾಕ್ಟರ್ ಬಾಯಿ ಶುರು ಮಾಡಿದ ಪದ್ಧತಿಯಂತ ಅದು. ಹುಳುಕನ್ನ ಒಳಗ ಮುಚ್ಚಿ ಅದಕ್ಕ ತಿನ್ನಲಿಕ್ಕೆ ಏನೂ ಸಿಗದಂಗ ಮಾಡೋದು. ಪುಟ್ಯಾ ಕಚ್ಚಿ ಹಿಡಕೊಂಡ, ಮುಗೀತು. ನೀವು ಅವತ್ತ ನೋಡಿ ನಕ್ಕಿದ್ದು ಅದ ಟೊಪ್ಪಿಗಿ.

ಉಳದ ಮೂರು ಮಾತ್ರ ಆಳಕ್ಕ ಹೋಗಿದ್ದವು. ಎರಡಕ್ಕ ನರದ ಕೆಲಸ, ಕೀವಾಗಿದ್ದನ್ನ ಕೀಳಬೇಕು. ಸೂಜಿ ಬೇಕ ಬೇಕು, ಮುಕ್ಕಾಲು ತಾಸು ಬಾಯಿ ತಗದಿರಬೇಕು. ನಾಕೂವರಿ ವರ್ಷದ ಕೂಸು ಹೆಂಗ ಇರ್ತದ ಹೇಳ್ರಿ? ಇಲ್ಲೆ ಎರಡ ಹಾದಿ, ಹಿಡಕೊಂಡು ಮಾಡೋದು ಇಲ್ಲಾ ಮಂಪರು. ನಾ ಒಮ್ಮೆ ಹಿಡದೀನಿ. ಎರಡನೇ ಸಲ ಹಿಡಿಯೋದಿಲ್ಲ ಅಂದೆ.

ಮಂಪರಿನಾಗೂ ಬ್ಯಾರೆ ಬ್ಯಾರೆ ಅವ. ಒಂದು, ಮೂಗಿನ ಮ್ಯಾಲೆ ಸಣ್ಣ ಮುಖವಾಡ ಇಟ್ಟು ಕೊಡೋ ನಗಿ ಅನಿಲ, ನೈಟ್ರಸ್ ಆಕ್ಸೈಡ್. ಇದೇನು ಹೊಸಾದಲ್ಲ, 1844ರಾಗ ಅಮೇರಿಕಾದ ಹೊರೇಸ್ ವೆಲ್ಸ್ ಅನ್ನೋ ಹಲ್ಲಿನ ಡಾಕ್ಟರು ಈ ಅನಿಲ ಎಳಕೊಂಡು ಮೊದಲ ತನ್ನ ಹಲ್ಲ ಕೀಳಿಸಿಕೊಂಡಿದ್ದ. ಆಮ್ಲಜನಕದ ಜೋಡಿ ಕೂಡಿಸಿ ಕೊಡ್ತಾರ, ಕೂಸು ಎಚ್ಚರನ ಇರ್ತದ, ನಿಲ್ಲಿಸಿದ ಮ್ಯಾಲೆ ಕೆಲವು ನಿಮಿಷದಾಗ ಇಳೀತದ. ಆದ್ರ ಮೂಗಿನಿಂದ ಉಸಿರಾಡಬೇಕು, ಮುಖವಾಡ ಇಟಗೋಬೇಕು. ನೆಗಡಿ ಇದ್ದ ಕೂಸಿಗೆ, ಹಟಾ ಮಾಡೋ ಕೂಸಿಗೆ ಆಗೂದಿಲ್ಲ. ನಮ್ಮಂವ ಎರಡ ಸಲ ಕಿತ್ತ ಒಗದ.

ಎರಡನೇದು ಕುಡಿಸೋ ಔಷಧ, ಮಿಡಝೋಲಾಮ್. ಕಹಿ ಇರ್ತದ. ಇಪ್ಪತ್ತು-ಮೂವತ್ತು ನಿಮಿಷಕ್ಕ ಹತ್ತತದ, ಆ ಹೊತ್ತಿಂದು ಕೂಸಿಗೆ ಹೆಚ್ಚಾಗಿ ನೆನಪ ಉಳಿಯೂದಿಲ್ಲ. ಹೆಚ್ಚಾದ್ರ ಇಳಸ್ಲಿಕ್ಕೆ ಉಲಟಾ ಔಷಧ ಅದ. ಟ್ರೈಕ್ಲೋಫೋಸ್ ಅಂತ ಇನ್ನೊಂದು ಹಳೇ ಸಿರಪ್ ಅದ, ಮಕ್ಕಳ ತಲಿ-ಎದಿ ತಪಾಸಣಿಗೆ ಮಲಗಸ್ಲಿಕ್ಕೆ ಕೊಡ್ತಾರ. ಅದು ಮೈಯಾಗ ಭಾಳ ಹೊತ್ತು ಇರ್ತದ, ಇಳಸೋ ಉಲಟಾ ಔಷಧ ಇಲ್ಲ. ಮೂರನೇದು ದೊಡ್ಡ ದವಾಖಾನ್ಯಾಗ ಪೂರ್ತಿ ಅರವಳಿಕಿ, ಭಾಳ ಹಲ್ಲು ಕೆಟ್ಟಿದ್ರ, ಇಲ್ಲಾ ಕೂಸಿಗೆ ಬ್ಯಾರೆ ರೋಗ ಇದ್ರ.

ಇವು ಖರೇನ ಕೆಲಸ ಮಾಡ್ತಾವೋ ಇಲ್ಲೋ ಅಂತ ನಮ್ಮ ಅಕ್ಕನ ಮಗಳಿಗೆ ಕೇಳಿದೆ. ಕಾಕ್ರೇನ್ ಅನ್ನೋ ಸಂಸ್ಥಾ ಜಗತ್ತಿನ ಅಧ್ಯಯನಗಳನ್ನ ಕೂಡಿಸಿ ತೂಗಿ ನೋಡ್ತದಂತ. 2018ರಾಗ ಅದು ಮಕ್ಕಳ ಹಲ್ಲಿನ ಮಂಪರಿನ ಮ್ಯಾಲೆ 50 ಅಧ್ಯಯನ, 3,700ಕ್ಕೂ ಮಿಕ್ಕಿ ಮಕ್ಕಳ ಲೆಕ್ಕ ನೋಡ್ತು. ಮೂವತ್ತಕ್ಕಿಂತ ಹೆಚ್ಚು ಥರದ ಔಷಧ ಅದರಾಗ. ಕುಡಿಸೋ ಮಿಡಝೋಲಾಮ್ ಕೆಲಸ ಮಾಡ್ತದ ಅನ್ನಲಿಕ್ಕೆ ಮಧ್ಯಮ ಮಟ್ಟದ ಪುರಾವೆ ಸಿಗ್ತು, ನಗಿ ಅನಿಲಕ್ಕ ಅದಕಿಂತ ಕಡಿಮಿ ಮಟ್ಟದ್ದು. ಉಳದವಕ್ಕ ಗಟ್ಟಿಯಾಗಿ ಹೇಳೋ ಅಷ್ಟು ಪುರಾವೆ ಕೂಡಿರಲಿಲ್ಲ. ಇದರ ಅರ್ಥ ಏನಂದ್ರ, "ಎಂಥದೋ ಒಂದು ಸಿರಪ್" ಅನ್ನೋ ಮಾತಿಗೆ ನಾವು ಹೂಂ ಅನಬಾರದು. ಹೆಸರು ಕೇಳಬೇಕು.

ಇನ್ನೊಂದು, ನನಗ ಗೊತ್ತಿರದ ಮಾತು. ಮಂಪರು ಬ್ಯಾರೆ, ಜೋಮು ಬ್ಯಾರೆ. ಮಂಪರು ಅಂಜಿಕಿ ಕಡಿಮಿ ಮಾಡ್ತದ, ನೋವು ನಿಲ್ಲಸೂದಿಲ್ಲ. ನೋವಿಗೆ ವಸಡಿಗೆ ಜೋಮಿನ ಸೂಜಿ ಹಾಕಬೇಕು. ಮಂಪರು ಕೊಟ್ಟೇವಿ, ಸೂಜಿ ಬ್ಯಾಡ ಅಂದ್ರ ಒಪ್ಪಬ್ಯಾಡ್ರಿ. ಕೂಸು ಬಾಯಿಬಿಟ್ಟು ಹೇಳೂದಿಲ್ಲ ಅಂತ ನೋವು ಕೊಡೋದು ಕೈಕಾಲು ಹಿಡದಂಗನ.

ಡಾಕ್ಟರ್ ಬಾಯಾರು ಮಿಡಝೋಲಾಮ್ ಅಂದ್ರು, ಆದ್ರ ಲಗೂನ ದಿನಾ ಕೊಡಲಿಲ್ಲ. "ರಾತ್ರಿ ಗೊರಕಿ ಹೊಡೀತಾನೇನು? ನಿದ್ದ್ಯಾಗ ಉಸಿರು ನಿಂತು ನಿಂತು ಬರ್ತದೇನು?" ಅಂತ ಕೇಳಿದ್ರು. ಟಾನ್ಸಿಲ್ ದೊಡ್ಡವಿದ್ದ ಮಕ್ಕಳಿಗೆ ಮಂಪರಿನಾಗ ಅಪಾಯ ಜಾಸ್ತಿ. ಮಕ್ಕಳ ಡಾಕ್ಟರ ಕಡೆ ಕಳಿಸಿದ್ರು, ಅವರು ನೋಡಿ ಬರೇ ನೆಗಡಿ ಅಂದ್ರು. ಕೀವಿಗೆ ಔಷಧ ಕೊಟ್ಟು, ನೆಗಡಿ ಹೋಗಿ ಮೂರು ವಾರ ಆದಮ್ಯಾಲೆ ಬರ್ರಿ ಅಂದ್ರು. ಸರಿಯಾಗಿ ತೂಕಾ ಮಾಡಿದ್ರು, ಔಷಧ ತೂಕದ ಮ್ಯಾಲೆ. ಅರವಳಿಕಿ ಡಾಕ್ಟರು ಬರ್ತಾರ, ಅವರ ಫೀ ಬ್ಯಾರೆ ಅಂದ್ರು.

ಇನ್ನ ನನ್ನ ಎರಡನೇ ತಪ್ಪು. ಆ ದಿನಾ ಗುರುವಾರ. ಬೆಳಿಗ್ಗೆಯಿಂದ ಏನೂ ಕೊಡಬ್ಯಾಡ್ರಿ ಅಂದಿದ್ರು. ತಿನ್ನೋದು, ಹಾಲು ಆರು ತಾಸು ಮೊದಲ ಬಂದ್. ಎಣ್ಣಿ-ತುಪ್ಪದ್ದಾದ್ರ ಎಂಟು ತಾಸು. ಬರೇ ನೀರು ಎರಡು ತಾಸು ಮೊದಲಿನ ತನಕಾ ನಡೀತದ. ಕೂಸು "ಅಜ್ಜೀ ಹಸಿವಿ" ಅಂತು. ರಾಯರ ಮಠದಿಂದ ಬಂದ ಪ್ರಸಾದದ ಪೇಢಾ ಇತ್ತು. ಅರ್ಧಾ ಬಾಯಾಗ ಹಾಕಿದೆ. ಪ್ರಸಾದ, ಏನಾಗ್ತದ ಅಂತ! ದವಾಖಾನ್ಯಾಗ ಅರವಳಿಕಿ ಡಾಕ್ಟರು, "ಏನರೆ ತಿಂದಾನೇನು?" ಅಂದ್ರು. ಸೊಸಿ "ಇಲ್ರಿ" ಅಂದ್ಲು, ಅಕಿಗೆ ಗೊತ್ತಿರಲಿಲ್ಲ. ನನ್ನ ನಾಲಿಗಿ ಒಣಗಿತು. ಸುಮ್ಮನಿದ್ರ ಕೆಲಸ ಮುಗೀತಿತ್ತು. ಆದ್ರ ಮಂಪರಿನಾಗ ವಾಂತಿ ಆದ್ರ ಅದು ಶ್ವಾಸನಾಳಕ್ಕ ಹೋಗಿ ಪ್ರಾಣಕ್ಕ ಬರ್ತದ ಅಂತ ಅವರು ಮೊದಲ ಹೇಳಿದ್ರು. ಹೇಳಿಬಿಟ್ಟೆ. ಕೆಲಸ ಎಂಟು ದಿನಾ ಮುಂದ ಹೋತು. ಮಗಾ ರಜಾ ಹಾಕಿದ್ದು ದಂಡ ಆತು, ಕೂಸು ಎಂಟು ರಾತ್ರಿ ಮತ್ತ ಅತ್ತಿತು, ಎಂಟೂ ರಾತ್ರಿ ನನ್ನ ಹಾಸಿಗ್ಯಾಗ. ಆದ್ರ ಆ ಡಾಕ್ಟರು ಬೈಲಿಲ್ಲ. "ಹೇಳಿದ್ರಲ್ಲ, ಇದ ದೊಡ್ಡದು" ಅಂದ್ರು. ನಿಮಗೂ ಕೈ ಮುಗದು ಹೇಳ್ತೀನಿ, ಆ ಹೊತ್ತಿನಾಗ ಮರ್ಯಾದಿಗೆ ಅಂಜಿ ಸುಳ್ಳ ಹೇಳಬ್ಯಾಡ್ರಿ.

ಮುಂದಿನ ಗುರುವಾರ ಆತು. ಬೆರಳಿಗೆ ಯಂತ್ರ ಹಾಕಿದ್ರು. ಕೊರೊನಾದಾಗ ನಾವೆಲ್ಲಾ ಮನ್ಯಾಗ ಇಟಗೊಂಡಿದ್ವಲ್ಲ, ರಕ್ತದಾಗ ಆಮ್ಲಜನಕ ಎಷ್ಟದ ತೋರಸೋದು, ಅದರದ ಜಾತಿ. ಆಮ್ಲಜನಕದ ಸಿಲಿಂಡರ್, ಕೂಸಿನ ಅಳತಿಯ ಮುಖವಾಡ ತಯಾರ ಇತ್ತು. ಅರವಳಿಕಿ ಡಾಕ್ಟರು ಒಮ್ಮೆನೂ ಕಣ್ಣು ತಗೀಲಿಲ್ಲ. ಪುಟ್ಯಾ ಪೂರ್ತಿ ಮಲಗಿರಲಿಲ್ಲ, ನಡುವ ಒಂದೆರಡ ಸಲ ಕುಂಯ್ ಅಂದ. ಕೆಲಸ ಆತು. ಆಮ್ಯಾಲೆ ಒಂದು ತಾಸು ಕಿರಿಕಿರಿ ಮಾಡಿದ, ನಡದ್ರ ಓಲಾಡ್ತಿದ್ದ, ಸಿಟ್ಟಿಲೆ ನನ್ನ ಕನ್ನಡಕ ಎಳದ. ಕೆಲವು ಮಕ್ಕಳಿಗೆ ಈ ಔಷಧಕ್ಕ ಹಂಗ ಸಿಟ್ಟು ಬರ್ತದಂತ. ಪೂರ್ತಿ ಎಚ್ಚರಾಗಿ ನೀರು ಕುಡಿಯೋ ತನಕಾ ಮನಿಗೆ ಬಿಡಲಿಲ್ಲ. ಹೋಗೋವಾಗ ಗಾಡ್ಯಾಗ ಇಬ್ಬರು ದೊಡ್ಡವರು ಬೇಕು, ಒಬ್ಬರು ಕೂಸಿನ ತಲಿ ಬಗ್ಗದಂಗ ನೋಡಬೇಕು ಅಂದ್ರು. ಬರೋ ದಾರ್ಯಾಗ ನನ್ನ ಕೈ ಅವನ ಗದ್ದದ ಕೆಳಗ ಇತ್ತು, ಮನಿ ಬರೂ ತನಕಾ ತಗೀಲಿಲ್ಲ.

ಮರುದಿನಾ ಎದ್ದು, "ಅಜ್ಜೀ, ಡಾಕ್ಟರ್ ಅಂಟಿ ಮನಿಗೆ ಯಾವಾಗ ಹೋಗೋದು? ಕನ್ನಡಿ ಕೊಡ್ತಾರ" ಅಂದ.

ಈಗ ನಿಮ್ಮ ಉಳದ ಪ್ರಶ್ನಾ. "ಬುದ್ಧಿ ಮಂದ ಆಗ್ತದಂತಲ್ಲ?" ಇದು ಸುಮ್ಮ ಹುಟ್ಟಿದ ಮಾತಲ್ಲ. 2016ರ ಡಿಸೆಂಬರದಾಗ ಅಮೇರಿಕಾದ ಔಷಧ ಇಲಾಖಾ ಎಚ್ಚರಿಕಿ ಕೊಟ್ಟದ್ದು ಖರೆ. ಮೂರು ವರ್ಷದೊಳಗಿನ ಕೂಸುಗಳಿಗೆ ಮೂರು ತಾಸಿಗಿಂತ ಹೆಚ್ಚು, ಇಲ್ಲಾ ಪದೇ ಪದೇ ಅರವಳಿಕಿ, ಮಂಪರು ಕೊಟ್ರ ಮೆದುಳಿನ ಬೆಳವಣಿಗಿಗೆ ತೊಂದ್ರಿ ಆಗಬಹುದು ಅಂತ. ಆದ್ರ ಏಳು ದೇಶದಾಗ ಏಳನೂರಕ್ಕೂ ಹೆಚ್ಚು ಹಸುಗೂಸುಗಳನ್ನ ಐದು ವರ್ಷ ಆಗೂ ತನಕಾ ನೋಡಿದ ಅಧ್ಯಯನ 2019ರಾಗ ಬಂತು. ಒಂದು ತಾಸಿನೊಳಗಿನ, ಒಂದ ಸಲದ ಅರವಳಿಕಿಯಿಂದ ಬುದ್ಧಿಗೆ ಫರಕ ಕಾಣಲಿಲ್ಲ. ಅಂದ್ರ ಹೊತ್ತು ಕಡಿಮಿ ಇರಲಿ, ಪದೇ ಪದೇ ಬ್ಯಾಡ, ಭಾಳ ಸಣ್ಣ ಕೂಸಿದ್ರ ತಡಾ ಮಾಡ್ಲಿಕ್ಕೆ ಬರ್ತದೇನು ಕೇಳ್ರಿ.

ಇನ್ನೊಂದು ಬಣ ಅದ, ಅವರಿಗೂ ಹೇಳ್ತೀನಿ. "ಮಲಗಿಸಿ ಎಲ್ಲಾ ಒಮ್ಮೆಲೇ ಮುಗಸಿಬಿಡ್ರಿ, ನಮಗ ಹೊತ್ತಿಲ್ಲ" ಅನ್ನೋ ತಾಯಂದಿರು. ಕೂಸು ಅಳತದ ಅಂತ ಮಂಪರು ಅಲ್ಲ. ಅಳೋದು ಕೂಸಿನ ಧರ್ಮ. ಪುಟ್ಯಾನ ಆರರಾಗ ಮೂರು ಹಲ್ಲು ಬರೇ ಮಾತಿನಿಂದ, ಸಮಾಧಾನದಿಂದ ಆದವು. ಬ್ಯಾರೆ ಹಾದಿ ಏನವ ಅಂತ ಕೇಳದ ಮಂಪರಿಗೆ ಒಪ್ಪಬ್ಯಾಡ್ರಿ. ಅನಾಹುತ ಅಪರೂಪ ಇರಬಹುದು, ಆದ್ರ ಆದ ಮನಿಗೆ ಅದು ಅಪರೂಪ ಅಲ್ಲ.

ಅದಕ್ಕ ಈ ಪ್ರಶ್ನಾ ಕ್ಯಾಲೆಂಡರ ಹಿಂದ ಬರದ ಇಟಗೋರಿ. ಯಾವ ಔಷಧ, ಹೆಸರೇನು? ಇದಿಲ್ಲದ ಆಗೂದಿಲ್ಲೇನು? ಕೂಸಿನ ತೂಕ ಇವತ್ತ ಮಾಡೀರೇನು? ಹಲ್ಲಿನ ಡಾಕ್ಟರನ್ನ ಬಿಟ್ಟು ಉಸಿರು ನೋಡೋರು ಯಾರು, ಅವರು ಏನ ಕಲತಾರ? ಬೆರಳಿನ ಯಂತ್ರ, ಆಮ್ಲಜನಕ, ಕೂಸಿನ ಅಳತಿಯ ಮುಖವಾಡ, ಉಲಟಾ ಔಷಧ ಅವೇನು? ಉಸಿರು ನಿಂತ್ರ ಏನ ಮಾಡ್ತೀರಿ, ಯಾವ ದೊಡ್ಡ ದವಾಖಾನಿಗೆ ಒಯ್ತೀರಿ? ಎಷ್ಟು ಹೊತ್ತಿನ ಮ್ಯಾಲೆ ಮನಿಗೆ ಬಿಡ್ತೀರಿ? ಇಷ್ಟಕ್ಕ ಶಾಂತಾಗಿ ಉತ್ತರಾ ಕೊಟ್ರ ಕೂಸಿನ ಒಪ್ಪಸ್ರಿ. ಸಿಟ್ಟಿಗೆದ್ರ ಎತಗೊಂಡು ಎದ್ದ ಬರ್ರಿ, ನನ್ನ ಸೊಸಿ ಬಂದಂಗ. ಬಜಾರದಾಗ ಬದನಿಕಾಯಿ ತಿರುವಿ ತಿರುವಿ ನೋಡಿ ತಗೊಳ್ಳೋರು ನಾವು, ಕೂಸಿನ ಉಸಿರಿನ ಮಾತಿನಾಗ "ನೀವು ಹೆಂಗ ಅಂತೀರಿ ಹಂಗ ಡಾಕ್ಟರ" ಅಂದ್ರ ಹೆಂಗ?

ರೊಕ್ಕದ ಮಾತು ಬಂದೇ ಬರ್ತದ. ಹೌದು, ಎಲ್ಲಾರಿಗೂ ನೀಗೂದಿಲ್ಲ. ದಂತ ಕಾಲೇಜಿನಾಗ ಮಕ್ಕಳ ವಿಭಾಗ ಬ್ಯಾರೆ ಇರ್ತದ, ಖರ್ಚು ಕಡಿಮಿ, ಅಲ್ಲೆ ಮೊದಲ ಕೇಳ್ರಿ. ಎಲ್ಲಾದಕ್ಕೂ ಸೋವಿ ಹಾದಿ ಅಂದ್ರ ಈ ಹಂತಕ್ಕ ಬರದಂಗ ನೋಡೋದು. ಮೊದಲನೇ ಹುಟ್ಟುಹಬ್ಬದೊಳಗ ಒಮ್ಮೆ ಹಲ್ಲು ತೋರಸ್ರಿ. ಬಾಟಲಿ ಬಾಯಾಗ ಇಟ್ಟ ಮಲಗಸಬ್ಯಾಡ್ರಿ. ಮೂರು ವರ್ಷದ ತನಕಾ ಅಕ್ಕಿಕಾಳಿನಷ್ಟು, ಆಮ್ಯಾಲೆ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಹಚ್ಚಿ, ರಾತ್ರಿ ನೀವ ನಿಂತು ತಿಕ್ಕಸ್ರಿ. ಇದಕ್ಕ ರೊಕ್ಕ ಬೇಕಾಗಿಲ್ಲ, ಅಜ್ಜಿ ಹಟಾ ಬಿಟ್ರ ಸಾಕು.

ಕಡೀ ಮಾತು. ಕೂಸಿಗೆ ಮಂಪರು ಕೊಡಿಸಿದ ತಾಯಿ ಕಂಡ್ರ "ಅಯ್ಯ ಪಾಪ, ಕೂಸು" ಅನ್ನೋದು ಬಿಡ್ರಿ. ಅಕಿ ಎಷ್ಟು ರಾತ್ರಿ ನಿದ್ದಿಗೆಟ್ಟು ಆ ತೀರ್ಮಾನಕ್ಕ ಬಂದಿರ್ತಾಳ ನಿಮಗ ಗೊತ್ತಿಲ್ಲ. ನನ್ನ ಸೊಸಿಗೆ ನಾ ಕ್ಷಮಾ ಕೇಳೀನಿ, ನಿಮ್ಮೆಲ್ಲಾರ ಪರವಾಗಿನೂ. ಮಗಳಿಗೂ ಫೋನ್ ಮಾಡಿ ಕೇಳಿದೆ. ಇಪ್ಪತ್ತಾರು ವರ್ಷ ತಡಾ ಆತು. ಅಕಿ ಭಾಳ ಹೊತ್ತು ಏನೂ ಅನಲಿಲ್ಲ. ಆಮ್ಯಾಲೆ, "ಅವ್ವಾ, ಆ ಡಾಕ್ಟರ್ ಬಾಯಿ ದೊಡ್ಡವರ ಹಲ್ಲೂ ನೋಡ್ತಾರೇನು?" ಅಂದ್ಲು. ಅವರು ನೋಡೂದಿಲ್ಲ, ಆದ್ರ ಹಂಗ ಸಮಾಧಾನದಿಂದ ನೋಡೋ ಇನ್ನೊಬ್ಬರ ಹೆಸರು ಬರಕೊಟ್ಟಾರ. ದೀಪಾವಳಿಗೆ ಅಕಿ ಬರ್ತಾಳ. ನಾನೂ ಕೂಡ ಹೋಗ್ತೀನಿ. ಕುರ್ಚಿ ಮಗ್ಗಲ ಕೂಡ್ತೀನಿ, ಅಕಿ ತಾನ ಕೈ ಚಾಚಿದ್ರ ಅಷ್ಟ ಹಿಡೀತೀನಿ.